ಕಲಿಸುತ್ತ ಕಲಿತ ಗುರು

ಮಾಲೂರಿಗೆ ಹೆಚ್ಚು ದೂರವಲ್ಲದ ನರಸಾಪುರದ ಸಮೀಪದಲ್ಲಿ ಬೆಳ್ಳೂರು ಎಂಬ ಗ್ರಾಮವಿದೆ. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಜಗತ್ತನ್ನೆಲ್ಲ ವ್ಯಾಪಿಸಿತು; ಭಾರತವೊಂದರಲ್ಲಿಯೇ ಕೋಟಿಗೂ ಮಿಗಿಲಾದ ಜನ ಅದಕ್ಕೆ ಬಲಿಯಾದರು. ಆ ವರ್ಷದ ಡಿಸೆಂಬರ್ 14ರಂದು, ಅದೇ ಜ್ವರದಿಂದ ಬಳಲುತ್ತಿದ್ದ ಶೇಷಮ್ಮನವರು ಈ ಗ್ರಾಮದಲ್ಲಿ ಗಂಡುಮಗುವೊಂದಕ್ಕೆ ಜನ್ಮವಿತ್ತರು. ಕೃಶವಾದ ಕೈಕಾಲುಗಳ ಆ ಶಿಶುವೇ ಮುಂದೆ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಲೋಕವಿಖ್ಯಾತವಾಯಿತು.

ಬಾಲಕನ ತಂದೆ ಕೃಷ್ಣಮಾಚಾರ್ಯರು ಶಾಲಾ ಉಪಾಧ್ಯಾಯರು. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಇವು ಒಂದಾದ ಮೇಲೊಂದರಂತೆ ಬಾಲಕನನ್ನು ಕಾಡಿದವು. 1934ರಲ್ಲಿ ಅವನು ಮೈಸೂರಿಗೆ ಬಂದನು. ಅಲ್ಲಿ ಅವನ ಅಕ್ಕನ ಪತಿ ತಿರುಮಲೈ ಕೃಷ್ಣಮಾಚಾರ್ಯರು ಮಹಾರಾಜರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದರು. ಮೊದಮೊದಲು ಮುಂದಕ್ಕೆ ಬಾಗಿದರೆ ಬಾಲಕನ ಕೈಬೆರಳುಗಳು ಮೊಣಕಾಲಿನವರೆಗೆ ಹೋಗುವುದೇ ಪ್ರಯಾಸವಾಗಿತ್ತು. ಗುರುಗಳ ಶಿಸ್ತು ಕಠಿಣವಾಗಿತ್ತು. ಆಂಗ್ಲ ಭಾಷೆಯಲ್ಲಿ ತೇರ್ಗಡೆಯಾಗದೆ ಅವನ ಶಾಲಾ ವ್ಯಾಸಂಗವೂ ನಿಂತುಹೋಯಿತು.

1937ರಲ್ಲಿ, ಹದಿನೆಂಟರ ಹರೆಯದಲ್ಲಿ, ಯೋಗ ಕಲಿಸಲೆಂದು ಅವರನ್ನು ಪುಣೆಗೆ ಕಳುಹಿಸಲಾಯಿತು. ಮರಾಠಿ ತಿಳಿಯದು, ಆಂಗ್ಲ ಭಾಷೆ ಅಲ್ಪಸ್ವಲ್ಪ ಮಾತ್ರ. ಎದುರಿಗಿದ್ದವರಲ್ಲಿ ಅನೇಕರು ತಮಗಿಂತ ಹಿರಿಯರು, ಹೆಚ್ಚು ಓದಿದವರು. ಮಾತು ನೆರವಿಗೆ ಬಾರದಾಗ ತರುಣ ಶಿಕ್ಷಕನು ತನ್ನ ದೇಹದಿಂದಲೇ ಪಾಠ ಹೇಳಬೇಕಾಯಿತು. ಶಿಷ್ಯರ ನೋವನ್ನು ಅವರ ಮುಖ, ಭುಜ, ಉಸಿರುಗಳಿಂದಲೇ ಅರಿಯಬೇಕಾಯಿತು. ಶಿಷ್ಯನಿಗೆ ಆಸನವು ಸಾಧ್ಯವಾಗದಿದ್ದರೆ ಕಾರಣವೇನೆಂದು ತಮ್ಮ ಸ್ವಂತ ಅಭ್ಯಾಸದಲ್ಲಿ ಹುಡುಕಿದರು. ಹಗ್ಗ, ಕುರ್ಚಿ, ಮರದ ತುಂಡು, ಗೋಡೆ ಮೊದಲಾದವನ್ನು ಆಧಾರವಾಗಿಸಿ, ವೃದ್ಧರೂ ರೋಗಿಗಳೂ ಆಸನ ಮಾಡುವಂತೆ ಕ್ರಮೇಣ ದಾರಿ ತೋರಿದರು.

1952ರಲ್ಲಿ ಮುಂಬಯಿಯಲ್ಲಿ ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಇವರಿಂದ ಪಾಠ ಕಲಿತರು. ಆ ಸ್ನೇಹದ ಫಲವಾಗಿ 1954ರಲ್ಲಿ ಇವರು ಯೂರೋಪಿಗೆ ತೆರಳಿದರು. 1966ರಲ್ಲಿ 'ಲೈಟ್ ಆನ್ ಯೋಗ' ಎಂಬ ಗ್ರಂಥವು ಪ್ರಕಟವಾಯಿತು. ಆಂಗ್ಲ ಭಾಷೆಯಲ್ಲಿ ಅನುತ್ತೀರ್ಣರಾದವರು ಅದೇ ಭಾಷೆಯಲ್ಲಿ ಜಗತ್ತಿಗೆ ಯೋಗವನ್ನು ಬೋಧಿಸಿದರು! 2014ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯು ಲಭಿಸಿತು. ಆ ವರ್ಷದ ಆಗಸ್ಟ್ 20ರಂದು ಅವರು ಪುಣೆಯಲ್ಲಿ ನಿಧನರಾದರು.

ಅವರು ಜನಿಸಿದ ಶತಮಾನದ ಬಳಿಕ ಜಗತ್ತನ್ನು ಮತ್ತೊಂದು ಸಾಂಕ್ರಾಮಿಕವು ಆವರಿಸಿತು. 2020ರ ಮಾರ್ಚ್‌ನಲ್ಲಿ ಕೊರೋನಾದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಯೋಗಶಾಲೆಗಳೂ ಮುಚ್ಚಿದವು. ಆಗ ಅನೇಕ ಶಿಕ್ಷಕರು ಮೊಬೈಲ್ ಮತ್ತು ಕಂಪ್ಯೂಟರ್‌ಗಳ ಮೂಲಕ ಪಾಠ ಆರಂಭಿಸಿದರು. ಆ ವರ್ಷದ ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನವನ್ನೂ ಜನರು ಮನೆಗಳಲ್ಲಿಯೇ ಆಚರಿಸಿದರು.

ಈ ವಿಧಾನಕ್ಕೆ ಮಿತಿಗಳಿವೆ. ಗುರುವಿನ ಕೈ ಶಿಷ್ಯನ ಭುಜವನ್ನು ಮುಟ್ಟಿ ತಿದ್ದಲಾರದು. ಪರದೆಯಲ್ಲಿ ದೇಹದ ಒಂದು ಪಾರ್ಶ್ವ ಮಾತ್ರ ಕಾಣುವುದು. ಸಂಪರ್ಕ ಕಡಿದರೆ ಪಾಠವೂ ನಿಲ್ಲುವುದು. ಶೀರ್ಷಾಸನದಂತಹ ಕಠಿಣ ಆಸನಗಳನ್ನು ಪರದೆ ನೋಡಿ ತಾವಾಗಿ ಮಾಡುವುದು ಅಪಾಯಕರ. ಆದರೂ ಯಂತ್ರದ ಮುಂದೆ ಮಾತನಾಡಲು ಸಂಕೋಚಪಡುವ ಶಿಕ್ಷಕಿಯೊಬ್ಬಳು, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು, "ನಿನ್ನೆಯ ಬೆನ್ನುನೋವು ಹೇಗಿದೆ?" ಎಂದು ವಿಚಾರಿಸಿದೊಡನೆ ಪರದೆಯ ಅಂತರ ಕುಗ್ಗುತ್ತದೆ. ಏಕಾಂಗಿಯಾಗಿರುವ ವೃದ್ಧರಿಗೆ ಆ ಒಂದು ಗಂಟೆಯು ವ್ಯಾಯಾಮವಷ್ಟೇ ಅಲ್ಲ, ತಮ್ಮನ್ನು ನೆನೆಯುವವರಿದ್ದಾರೆಂಬ ಭರವಸೆಯೂ ಹೌದು. ಅದನ್ನು ಕಂಡು ಶಿಕ್ಷಕಿಯ ಸಂಕೋಚವೂ ಕರಗುತ್ತದೆ.

ಪುಣೆಯ ತರುಣನಿಗೆ ಭಾಷೆಯ ಕೊರತೆ. ಇವರಿಗೆ ಸ್ಪರ್ಶದ ಕೊರತೆ. ಎರಡು ಕಡೆಗಳಲ್ಲಿಯೂ ಆ ಕೊರತೆಯನ್ನು ತುಂಬಿದುದು ಶಿಷ್ಯನ ಮೇಲಿನ ಎಚ್ಚರದ ಗಮನ. ಆತ್ಮವಿಶ್ವಾಸವನ್ನು ಮೊದಲು ಸಂಪಾದಿಸಿ ಬಳಿಕ ಕಲಿಸಲು ಹೊರಡುವವರು ವಿರಳ. ತನ್ನಿಂದ ಮತ್ತೊಬ್ಬರಿಗೆ ಉಪಕಾರವಾಯಿತೆಂದು ಕಂಡಾಗ ಅದು ತಾನಾಗಿ ಮೊಳೆಯುತ್ತದೆ. ನೆರೆಯ ಗೆಳೆಯನಿಗೆ ಲೆಕ್ಕವೊಂದನ್ನು ತಾಳ್ಮೆಯಿಂದ ಬಿಡಿಸಿ ತೋರಿಸಿದ ವಿದ್ಯಾರ್ಥಿಗೂ ಈ ಮಾತಿನ ಅನುಭವ ಉಂಟು.