ಬೆಟ್ಟದಲ್ಲಿ ರಜೆ ಕಳೆಯುವ ಬಗೆ

ರಜಾಕಾಲವು ಸಮೀಪಿಸಿತೆಂದರೆ ವಿದ್ಯಾರ್ಥಿನಿಯರ ಮನಸ್ಸು ಪ್ರವಾಸದ ಕಡೆಗೆ ಹರಿಯುವುದು ಸಹಜವೇ ಸರಿ. ಪಟ್ಟಣಗಳನ್ನೂ ಅರಮನೆಗಳನ್ನೂ ನೋಡಿಬರುವುದು ಒಂದು ಬಗೆ. ಕಾಡನ್ನೂ ಅದರ ಜೀವಿಗಳನ್ನೂ ಅವುಗಳಿರುವಲ್ಲಿಯೇ ಕಂಡುಬರುವುದು ಮತ್ತೊಂದು ಬಗೆ. ಈ ಎರಡನೆಯದಕ್ಕೆ ಬೇರೆ ನಡತೆಯೇ ಬೇಕು. ಅದೇನೆಂಬುದನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸುತ್ತೇವೆ.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಊಟಿಯ ಮಾರ್ಗವಾಗಿ ಹೊರಟು, ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಈ ಬೆಟ್ಟದ ಬುಡವನ್ನು ಸೇರಬಹುದು. ಸಮುದ್ರಮಟ್ಟದಿಂದ ಇದರ ಎತ್ತರವು 1454 ಮೀಟರು. ಶಿಖರದಲ್ಲಿ ವೇಣುಗೋಪಾಲಸ್ವಾಮಿಯ ಪುರಾತನ ದೇವಾಲಯವಿರುವುದು. ಬೆಟ್ಟಕ್ಕೆ ಆಗಾಗ ಮಂಜು ಕವಿಯುವುದರಿಂದ 'ಹಿಮವದ್' ಎಂಬ ವಿಶೇಷಣವು ಅನ್ವರ್ಥವಾಗಿದೆ. ಮೇಲೆ ಹುಲ್ಲುಗಾವಲು, ತೇವವು ನಿಲ್ಲುವ ಕಣಿವೆಗಳಲ್ಲಿ ಶೋಲಾ ಕಾಡು, ಕೆಳಗೆ ಬೇಸಗೆಯಲ್ಲಿ ಎಲೆಯುದುರಿಸುವ ತೇಗ, ಮತ್ತಿ, ಹೊನ್ನೆಗಳ ಕಾಡು. ಹೀಗೆ ಒಂದೇ ಏರಿನಲ್ಲಿ ಮೂರು ಬಗೆಯ ಸಸ್ಯಸಮೂಹವನ್ನು ಕಾಣಬಹುದು.

ಈ ಕಾಡು ಹಿಂದೆ ಮೈಸೂರಿನ ಅರಸರ ಬೇಟೆಯ ಸ್ಥಳವಾಗಿತ್ತು. 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರು ಪ್ರದೇಶವನ್ನು ಮೃಗಗಳ ರಕ್ಷಣೆಗಾಗಿ ಮೀಸಲಿಡಲಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ಹೆಚ್ಚಿಸಿ, ಈ ಬೆಟ್ಟದ ದೇವರ ಹೆಸರಿನಿಂದಲೇ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದರು. 1973ರಲ್ಲಿ ಹುಲಿ ಯೋಜನೆಯು ಆರಂಭವಾದಾಗ ಬಂಡೀಪುರವು ಅದಕ್ಕೆ ಸೇರಿತು. 1986ರಲ್ಲಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಅಂಗವಾಯಿತು. ಮುದುಮಲೆ, ವಯನಾಡು, ನಾಗರಹೊಳೆಗಳ ಕಾಡುಗಳು ಇದರ ನೆರೆಯವಾದ್ದರಿಂದ ಆನೆಗಳು ನೀರು ಮೇವುಗಳನ್ನು ಅರಸಿ ಒಂದರಿಂದ ಮತ್ತೊಂದಕ್ಕೆ ನಡೆಯುತ್ತಿರುವವು.

ಇಲ್ಲಿಗೆ ಬರುವವರು ಕೆಲವು ಕಟ್ಟುಪಾಡುಗಳಿಗೆ ಒಳಗಾಗಬೇಕಾಗುವುದು. ಸ್ವಂತ ವಾಹನಗಳು ಬುಡದಲ್ಲಿಯೇ ನಿಲ್ಲಬೇಕು. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಿ, ಸಂಜೆಗೆ ಮುಂಚೆ ಇಳಿಯಬೇಕು. ಇದನ್ನು ತೊಂದರೆಯೆಂದು ಗೊಣಗುವವರುಂಟು. ಆದರೆ ನೂರು ಕಾರುಗಳು ಏರುವ ಕಡೆ ಒಂದು ಬಸ್ಸು ಏರಿದರೆ ಸದ್ದೂ ಹೊಗೆಯೂ ಕಡಮೆಯಾಗಿ ಮೃಗಗಳಿಗೆ ದಾರಿ ದಾಟಲು ಅವಕಾಶ ದೊರೆಯುವುದು. ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಸಾಮಾನ್ಯ ಸಂಚಾರವನ್ನು 2009ರಲ್ಲಿ ನಿಲ್ಲಿಸಿದ್ದಕ್ಕೂ ಕಾರಣವಿದೆ. ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಜಿಂಕೆ ಕಡವೆಗಳು ಗಾಲಿಗೆ ಸಿಕ್ಕಿ ಸಾಯುತ್ತಿದ್ದವು. ಕೋತಿಗೆ ಬಾಳೆಹಣ್ಣು ಕೊಡುವುದೂ ದಯೆಯಲ್ಲ. ಅದು ಕಾಡಿನ ಆಹಾರವನ್ನು ಬಿಟ್ಟು, ಮನುಷ್ಯರ ಕೈಯಿಂದ ಕಸಿದುಕೊಳ್ಳುವುದನ್ನು ಕಲಿಯುವುದು.

ಬೆಂಕಿಯ ವಿಷಯದಲ್ಲಂತೂ ಬಹಳ ಎಚ್ಚರಿಕೆ ಬೇಕು. ಬೇಸಗೆಯಲ್ಲಿ ಒಣಹುಲ್ಲೂ ದಟ್ಟವಾಗಿ ಹಬ್ಬಿದ ಲಂಟಾನದ ಪೊದೆಗಳೂ ಕಿಡಿ ಬಿದ್ದೊಡನೆ ಹೊತ್ತಿಕೊಳ್ಳುವವು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿಯು ಹಲವು ದಿನ ಉರಿದು ಸಾವಿರಾರು ಎಕರೆಗಳನ್ನು ಸುಟ್ಟಿತು. ಈ ಬೆಟ್ಟದ ವಲಯವೂ ಅದಕ್ಕೆ ತುತ್ತಾಯಿತು.

ಹುಲಿಯೇ ಕಾಣಬೇಕೆಂದು ಹಟ ಹಿಡಿದವರು ಬಹುಶಃ ಬೇಸರದಿಂದ ಹಿಂದಿರುಗುವರು. ಸುಮ್ಮನೆ ಕುಳಿತು ಕಿವಿಗೊಡುವವಳಿಗೆ ಕಾಡು ಬೇರೆ ವಿಷಯಗಳನ್ನು ತಿಳಿಸುವುದು. ಮರದ ಮೇಲಿನ ಮುಸುವ ಒಮ್ಮೆಲೇ ಕೂಗಿ, ಕೆಳಗಿನ ಜಿಂಕೆಗಳು ಬಾಲವೆತ್ತಿ ಒಂದೇ ದಿಕ್ಕಿಗೆ ನೋಡಿದರೆ, ಅಲ್ಲಿ ಹುಲಿಯೋ ಚಿರತೆಯೋ ಇರಬಹುದೆಂದು ಊಹಿಸಬೇಕು. ಹೆಜ್ಜೆಗುರುತು, ಲದ್ದಿ, ತೊಗಟೆ ಸುಲಿದ ಮರ, ಇವೆಲ್ಲವನ್ನೂ ದಿನಚರಿಯಲ್ಲಿ ಬರೆದಿಡುವುದು ಪ್ರಕೃತಿಪಾಠಕ್ಕೆ ಬಹಳ ಪ್ರಯೋಜನಕರ.

ಕೊನೆಯದಾಗಿ ಬೆಟ್ಟದ ಕೆಳಗಿನ ರೈತರನ್ನು ಮರೆಯಲಾಗದು. ದಾರಿಯ ಬದಿಯ ಚೆಂಡುಹೂವು, ಸೂರ್ಯಕಾಂತಿಯ ಹೊಲಗಳು ಪ್ರವಾಸಿಗರಿಗೆ ಚಿತ್ರ ತೆಗೆಯುವ ಸ್ಥಳಗಳಾದರೂ ಬೆಳೆದವರಿಗೆ ಅವೇ ಜೀವನ. ಆನೆಯೂ ಹಂದಿಯೂ ಹೊಲಕ್ಕೆ ನುಗ್ಗಿದ ರಾತ್ರಿ ನಷ್ಟವನ್ನು ಅನುಭವಿಸುವವರು ಅವರೇ. ನಾವು ಒಂದು ದಿನ ಆನಂದಿಸಿ ಬರುವ ಕಾಡಿಗಾಗಿ ಅವರು ವರ್ಷವಿಡೀ ಬೆಲೆ ತೆರುತ್ತಿರುವರು. ಆದಕಾರಣ ಅವರ ಹೊಲವನ್ನು ತುಳಿಯದಿರುವುದೂ, ಅನುಮತಿಯಿಲ್ಲದೆ ಒಂದು ಹೂವನ್ನಾದರೂ ಕೀಳದಿರುವುದೂ, ಅವರಿಗೆ ಸಲ್ಲಬೇಕಾದ ಪರಿಹಾರವು ತಡವಿಲ್ಲದೆ ಸಲ್ಲಲೆಂದು ಬಯಸುವುದೂ ನಮಗೆ ಕರ್ತವ್ಯವಾಗಿದೆ. ಮುಂದಿನ ರಜೆಯಲ್ಲಿ ಬೆಟ್ಟವನ್ನೇರುವ ನಮ್ಮ ಬಾಲಕಿಯರು ಇದನ್ನು ನೆನಪಿನಲ್ಲಿಟ್ಟುಕೊಂಡು, ತಮ್ಮ ಬುತ್ತಿಯ ಕಾಗದವನ್ನು ಸಹ ಹಿಂದಕ್ಕೆ ತರುವರೆಂದು ನಂಬುತ್ತೇವೆ.