ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪೈಪ್ ಬಿಚ್ಚುವ ಕ್ರಮ

ಪಂಪಿನಿಂದ ಇಂಜೆಕ್ಟರಿಗೆ ಡೀಸೆಲ್ ಒಯ್ಯುವ ಉಕ್ಕಿನ ಪೈಪು ನೋಡಲು ಸಣ್ಣದು, ಒಳಗಿನ ಒತ್ತಡ ಮಾತ್ರ ಭಾರಿ. ಮೈಸೂರಿನ ರಸ್ತೆಗಳಲ್ಲಿ ಇನ್ನೂ ಓಡುವ ಹಳೆಯ ಲಾರಿಗಳಲ್ಲಿ ಇಂಜೆಕ್ಟರ್ ತೆರೆದುಕೊಳ್ಳುವುದೇ ಸುಮಾರು 200 ಬಾರ್ ಒತ್ತಡಕ್ಕೆ. ಕಾಮನ್ ರೈಲ್ ಇರುವ ಈಚಿನ ಬಸ್ಸು, ಜೀಪುಗಳಲ್ಲಿ ಅದು 1,600 ಬಾರ್ ಮುಟ್ಟುವುದೂ ಉಂಟು. ಕಾರಿನ ಟೈರಿನ ಗಾಳಿ ಬರೀ 2 ಬಾರ್ ಚಿಲ್ಲರೆ.

ಹಾಗಾಗಿ ಎಂಜಿನ್ ನಿಂತು, ತಣ್ಣಗಾಗಿ, ಒತ್ತಡ ಇಳಿಯುವ ತನಕ ನಟ್ಟು ಮುಟ್ಟಬಾರದು. ಬ್ಯಾಟರಿಯ ನೆಗೆಟಿವ್ ವೈರ್ ಕಳಚಬೇಕು. ಆಮೇಲೆ ನಟ್ಟುಗಳ ಸುತ್ತಲಿನ ಧೂಳು, ಜಿಡ್ಡು ಒರೆಸಬೇಕು. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ. ಇಂಜೆಕ್ಟರ್ ಕೆಡಲು ಮರಳಿನ ಒಂದು ಕಣ ಸಾಕು.

ಮೊದಲು ಕ್ಲಾಂಪು ಸಡಿಲಿಸಬೇಕು. ಒಂದು ಸ್ಪ್ಯಾನರಿನಿಂದ ಪಂಪಿನ ಹೋಲ್ಡರ್ ತಿರುಗದಂತೆ ಹಿಡಿದು, ಇನ್ನೊಂದರಿಂದ ನಟ್ಟು ಬಿಚ್ಚಬೇಕು. ಪೈಪನ್ನು ಬಗ್ಗಿಸಿ ಎಳೆಯಬಾರದು. ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ, ತೆರೆದ ಬಾಯಿಗಳಿಗೆಲ್ಲ ಕ್ಯಾಪು ಹಾಕಬೇಕು. ಬಟ್ಟೆ ತುರುಕಿದರೆ ನೂಲು ಒಳಸೇರುತ್ತದೆ.

ಬಿಚ್ಚಿದ ಕಾಮನ್ ರೈಲ್ ಪೈಪನ್ನು ಮತ್ತೆ ಹಾಕದೆ ಹೊಸದನ್ನೇ ಜೋಡಿಸಲು ಹಲವು ತಯಾರಕರು ಹೇಳುತ್ತಾರೆ. ಜೋಡಿಸಿದ ಮೇಲೆ ಸೋರಿಕೆಯನ್ನು ಬೆರಳಿಟ್ಟು ನೋಡಲೇಬಾರದು, ರಟ್ಟಿನ ತುಂಡು ಹಿಡಿಯಬೇಕು. ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಗೆ ಹೋಗಬೇಕು.