ರೋಗಿಯ ದೂರವಾಣಿ ಕರೆಗೂ ಗಣಕ ದಾಖಲೆಯಲ್ಲಿ ಸ್ಥಾನ ಬೇಕು

ದೂರವಾಣಿಯಲ್ಲಿ ಬಂದ ಆರ್ಡರನ್ನು ಆ ಕ್ಷಣವೇ ಬರೆದಿಟ್ಟುಕೊಳ್ಳುವುದು ವರ್ತಕರಿಗೆ ಹೊಸ ಪಾಠವೇನಲ್ಲ. ಸರಕು ಎಷ್ಟು, ದರವೇನು, ಕೇಳಿದವರು ಯಾರು, ಯಾವ ದಿನಕ್ಕೆ ಬೇಕು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಬಿಲ್ಲಿನ ವೇಳೆಗೆ ತಕರಾರು ಖಚಿತ. ಆದರೆ ವೈದ್ಯರ ಚಿಕಿತ್ಸಾಲಯಗಳಲ್ಲಿ, ಗಣಕಯಂತ್ರ ಬಂದು ವರ್ಷಗಳೇ ಕಳೆದಿರುವ ಕಡೆಯೂ, ರೋಗಿಯ ದೂರವಾಣಿ ಕರೆಗೆ ಈ ಗೌರವ ದೊರೆತಿರುವುದು ವಿರಳ. ನೋಂದಣಿ, ಶುಲ್ಕದ ರಸೀದಿ, ಔಷಧಿ ಚೀಟಿ, ಪ್ರಯೋಗಾಲಯದ ವರದಿ ಇವೆಲ್ಲ ಗಣಕದಲ್ಲಿರುತ್ತವೆ. ಕರೆಯಲ್ಲಿ ನಡೆದ ಮಾತು ಮಾತ್ರ ಮೇಜಿನ ಮೇಲಿನ ಡೈರಿಯಲ್ಲೋ ವೈದ್ಯರ ನೆನಪಿನಲ್ಲೋ ಉಳಿಯುತ್ತದೆ. ನರ್ಸಿಂಗ್ ಹೋಂ, ಪ್ರಯೋಗಾಲಯ, ಔಷಧಿ ಅಂಗಡಿ ನಡೆಸುವವರಿಗೂ, ಅವರಿಗೆ ತಂತ್ರಾಂಶ ಒದಗಿಸುವ ಸಣ್ಣ ಉದ್ಯಮಿಗಳಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯ.

ಮೂರು ಕರೆ, ಮೂರು ಕಡೆ

ಡೆಂಗಿ ಜ್ವರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಈ ಕಾಯಿಲೆಯಲ್ಲಿ ಅಪಾಯದ ಘಟ್ಟ ಬರುವುದು ಸಾಮಾನ್ಯವಾಗಿ ಜ್ವರ ಏರಿದಾಗಲ್ಲ, ಇಳಿಯುವಾಗ. ಅಂದರೆ ಕಾಯಿಲೆಯ 3ರಿಂದ 7ನೆಯ ದಿನದ ನಡುವೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಇವನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಮಾರ್ಗಸೂಚಿಯಲ್ಲಿ ಎಚ್ಚರಿಕೆಯ ಚಿಹ್ನೆಗಳೆಂದು ಗುರುತಿಸಿದೆ.

ಸೋಮವಾರ ವೈದ್ಯರು ಪರೀಕ್ಷಿಸಿ ಮನೆಗೆ ಕಳುಹಿಸಿದ ರೋಗಿಯೊಬ್ಬರಿದ್ದಾರೆ ಎಂದು ಭಾವಿಸೋಣ. ಬುಧವಾರ ಸಂಜೆ ಮಗ ವೈದ್ಯರ ಮೊಬೈಲಿಗೆ ಕರೆ ಮಾಡಿ “ಜ್ವರ ಇಳಿದಿದೆ ಸಾರ್, ಊಟ ಮಾತ್ರ ಸೇರುತ್ತಿಲ್ಲ” ಎನ್ನುತ್ತಾನೆ. ಗುರುವಾರ ಬೆಳಿಗ್ಗೆ ಸೊಸೆ ಚಿಕಿತ್ಸಾಲಯದ ಸ್ಥಿರ ದೂರವಾಣಿಗೆ ಕರೆ ಮಾಡಿ, ಎರಡು ಸಲ ವಾಂತಿಯಾಯಿತೆಂದು ಸ್ವಾಗತಕಾರಿಣಿಗೆ ತಿಳಿಸುತ್ತಾಳೆ. ಅಂದು ರಾತ್ರಿ ಅಣ್ಣನೊಬ್ಬ ಪಾಳಿಯ ದಾದಿಯೊಡನೆ ಹೊಟ್ಟೆನೋವಿನ ಬಗ್ಗೆ ಮಾತನಾಡುತ್ತಾನೆ. ಒಂದೊಂದಾಗಿ ನೋಡಿದರೆ ಮೂರೂ ಸಣ್ಣ ದೂರುಗಳು. ಮೊದಲನೆಯದಂತೂ ಶುಭ ಸಮಾಚಾರದಂತೆಯೇ ಕೇಳಿಸುತ್ತದೆ. ಮೂರನ್ನೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು ಓದಿದ ವೈದ್ಯರು ರೋಗಿಯನ್ನು ಆ ರಾತ್ರಿಯೇ ಕರೆಸಿಕೊಳ್ಳುತ್ತಾರೆ. ಒಂದು ವೈದ್ಯರ ನೆನಪಿನಲ್ಲಿ, ಇನ್ನೊಂದು ಚೀಟಿಯಲ್ಲಿ, ಮತ್ತೊಂದು ದಾದಿಯ ನೋಟ್‌ಬುಕ್ಕಿನಲ್ಲಿ ಚದುರಿಹೋದರೆ ಆ ಪುಟವನ್ನು ಓದುವವರೇ ಇರುವುದಿಲ್ಲ. ಇಲ್ಲಿ ಯಾರೂ ಕರ್ತವ್ಯ ಮರೆತಿಲ್ಲ; ಕರೆಗಳು ರೋಗಿಯ ಹೆಸರಿನಲ್ಲಿ ಒಟ್ಟುಗೂಡಲಿಲ್ಲ, ಅಷ್ಟೇ.

ಏನನ್ನು ಬರೆಯಬೇಕು?

ಕರೆ ಸ್ವೀಕರಿಸಿದವರೇ, ಕರೆ ಮುಗಿದ ಕೂಡಲೇ, ಆ ರೋಗಿಯ ಪುಟದಲ್ಲೇ ಬರೆಯಬೇಕೆಂಬುದು ಮೊದಲ ನಿಯಮ. ಸಂಜೆ ಒಟ್ಟಿಗೆ ಬರೆದರಾಯಿತೆಂಬ ಅಭ್ಯಾಸವು ದಿನದ ಕೊನೆಗೆ ರೋಕಡ ಪುಸ್ತಕವನ್ನು ನೆನಪಿನಿಂದ ಭರ್ತಿ ಮಾಡಿದಂತೆ. ದಿನಾಂಕ ಮತ್ತು ವೇಳೆಯನ್ನು ಗಣಕವೇ ನಮೂದಿಸುತ್ತದೆ. ಉಳಿದಂತೆ ಕರೆ ಮಾಡಿದವರು ಯಾರು, ರೋಗಿಗೆ ಏನಾಗಬೇಕು, ಮರಳಿ ಕರೆ ಮಾಡಬೇಕಾದ ಸಂಖ್ಯೆ ಯಾವುದು, ಅವರು ಹೇಳಿದ್ದೇನು, ಯಾವ ಸಲಹೆ ಕೊಡಲಾಯಿತು, ಅದನ್ನು ಕೊಟ್ಟವರು ಯಾರು ಎಂಬಿಷ್ಟು ಸಾಕು. ದೂರನ್ನು ಆದಷ್ಟೂ ಅವರ ಮಾತಿನಲ್ಲೇ ಬರೆಯುವುದು ಲೇಸು. “ಹೊಟ್ಟೆ ಹಿಂಡಿದ ಹಾಗೆ ನೋವು” ಎಂಬುದನ್ನು “ಹೊಟ್ಟೆ ತೊಂದರೆ” ಎಂದು ಮೊಟಕುಗೊಳಿಸಿದರೆ ವೈದ್ಯರಿಗೆ ಬೇಕಾದ ಅಂಶವೇ ಬಿಟ್ಟುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು ಸಲಹೆಯ ಎರಡನೆಯ ಭಾಗ: ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಎಂಬುದು. “ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಈ ರಾತ್ರಿಯೇ ಕರೆತರಲು ತಿಳಿಸಲಾಯಿತು, ಮಗ ಒಪ್ಪಿದರು” ಎಂಬ ಒಂದು ಸಾಲು ಮುಂದಿನ ಪಾಳಿಯವರಿಗೆ ದಾರಿ ತೋರಿಸುತ್ತದೆ. ಹಾಗೆಯೇ ರೋಗಿಯ ಕಡೆಯವರು ಬರಲಾಗದೆಂದರೆ ಅದನ್ನೂ ಬರೆಯಬೇಕು. ಚಿಕಿತ್ಸಾಲಯದಿಂದ ಕರೆ ಮಾಡಿ ಉತ್ತರ ಸಿಗದಿದ್ದರೆ ಆ ಪ್ರಯತ್ನವೂ ದಾಖಲೆಗೆ ಯೋಗ್ಯವೇ.

ಸಂಖ್ಯೆಗಳ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ತೊಡಕುಗಳಿವೆ. ಸದ್ದಿನ ನಡುವೆ ಇಪ್ಪತ್ತು ಎಪ್ಪತ್ತಾಗಿ, ಮೂರು ನೂರಾಗಿ ಕೇಳಿಸುವುದು ಅಂಗಡಿಯಲ್ಲಿ ಕುಳಿತವರೆಲ್ಲರಿಗೂ ಗೊತ್ತು. ಅಂಗಡಿಯಲ್ಲಿ ಅದು ಹೆಚ್ಚೆಂದರೆ ಸರಕು ವಾಪಸಾತಿಯ ಮಾತು. ಇನ್ಸುಲಿನ್ನಿನ ಪ್ರಮಾಣದಲ್ಲಾದರೆ ಜೀವದ ಮಾತು. ಔಷಧಿಗಳ ಹೆಸರೂ ಹಾಗೆಯೇ. ಗ್ಲಿಮಿಪಿರೈಡ್ ಮತ್ತು ಗ್ಲಿಪಿಜೈಡ್ ಎರಡೂ ಮಧುಮೇಹದ ಮಾತ್ರೆಗಳೇ, ಆದರೆ ಪ್ರಮಾಣ ಬೇರೆ. ಆದ್ದರಿಂದ ಬಾಯ್ಮಾತಿನ ಆದೇಶವನ್ನಾಗಲಿ ಪ್ರಯೋಗಾಲಯದಿಂದ ಕರೆಯ ಮೂಲಕ ಬಂದ ಗಂಭೀರ ಫಲಿತಾಂಶವನ್ನಾಗಲಿ ಮೊದಲು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಆ ಕಡೆಯವರಿಂದ ಸರಿಯೆನಿಸಿಕೊಳ್ಳುವ ಕ್ರಮ ದೊಡ್ಡ ಆಸ್ಪತ್ರೆಗಳಲ್ಲಿದೆ. “ಎರಡು, ಸೊನ್ನೆ, ಇಪ್ಪತ್ತು” ಎಂದು ಅಂಕಿಗಳನ್ನು ಬಿಡಿಸಿ ಹೇಳುವುದಕ್ಕೆ ಖರ್ಚೇನೂ ಇಲ್ಲ.

ಕಾನೂನಿನ ನಿಲುವು

ದೂರವಾಣಿಯಲ್ಲಿ ಚಿಕಿತ್ಸೆ ಹೇಳಬಹುದೇ ಎಂಬ ಪ್ರಶ್ನೆ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು. 2018ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ದೂರವಾಣಿಯ ಸೂಚನೆಯ ಮೇಲೆ ಚಿಕಿತ್ಸೆ ನಡೆದು ರೋಗಿ ಮೃತಪಟ್ಟಾಗ, ಬಾಂಬೆ ಉಚ್ಚ ನ್ಯಾಯಾಲಯವು ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತು. ವೈದ್ಯ ವಲಯದಲ್ಲಿ ಇದು ಸಾಕಷ್ಟು ಆತಂಕ ಹುಟ್ಟಿಸಿತ್ತು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಹೊರತಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ಈ ಗೊಂದಲವನ್ನು ಬಹುಮಟ್ಟಿಗೆ ನಿವಾರಿಸಿತು. ಅದರಂತೆ ದೂರವಾಣಿ, ವಿಡಿಯೊ, ಸಂದೇಶ ಮೂರೂ ಸಮಾಲೋಚನೆಯ ಮಾರ್ಗಗಳೇ. ಆದರೆ ಕರೆಯ ಲಾಗ್, ಸಂದೇಶಗಳು, ಬಳಸಿದ ವರದಿ ಮತ್ತು ಚಿತ್ರಗಳು, ಕೊಟ್ಟ ಔಷಧಿ ಚೀಟಿ ಇವುಗಳನ್ನು ಉಳಿಸಿಕೊಳ್ಳುವುದು ವೈದ್ಯರ ಹೊಣೆ. ರೋಗಿಯೇ ಕರೆ ಮಾಡಿದರೆ ಸಮ್ಮತಿ ಇದೆಯೆಂದೇ ಅರ್ಥ. ಕರೆ ವೈದ್ಯರಿಂದ ಅಥವಾ ಆರೈಕೆ ಮಾಡುವವರಿಂದ ಆರಂಭವಾದರೆ ಸಮ್ಮತಿಯನ್ನು ಸ್ಪಷ್ಟವಾಗಿ ಪಡೆದು ದಾಖಲಿಸಬೇಕು. ಮೇಲಿನ ಉದಾಹರಣೆಯ ಮಗ, ಸೊಸೆಯರ ಕರೆಗಳನ್ನು ಈ ದೃಷ್ಟಿಯಿಂದಲೂ ನೋಡಬೇಕಾಗುತ್ತದೆ.

ಇದಕ್ಕೂ ಹಿಂದಿನ 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳಲ್ಲೇ ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಯ್ದಿಡಬೇಕು, ಕೇಳಿದಾಗ 72 ಗಂಟೆಗಳೊಳಗೆ ಒದಗಿಸಬೇಕು, ದಾಖಲೆಗಳನ್ನು ಗಣಕೀಕರಿಸಲು ಪ್ರಯತ್ನಿಸಬೇಕು ಎಂದಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪು ನೀಡಿದೆ. ಗ್ರಾಹಕ ದೂರಿಗೆ 2 ವರ್ಷಗಳ ಅವಧಿ ಇದೆ. ಎರಡು ವರ್ಷದ ಹಿಂದಿನ ಒಂದು ಸಂಜೆಯ ಕರೆಯನ್ನು, ದಿನಕ್ಕೆ ನಲವತ್ತು ಕರೆ ಸ್ವೀಕರಿಸುವ ಸ್ವಾಗತಕಾರಿಣಿ ನೆನಪಿನಿಂದ ಹೇಳಬಲ್ಲಳೆಂದು ನಂಬುವುದು ಕಷ್ಟ.

ತಂತ್ರಾಂಶ ಕೊಳ್ಳುವಾಗ

ಇದಕ್ಕಾಗಿ ದುಬಾರಿ ವ್ಯವಸ್ಥೆಯೇನೂ ಬೇಕಿಲ್ಲ. ಕರೆಗೆಂದೇ ಪ್ರತ್ಯೇಕ ನಮೂನೆ ಇಲ್ಲದ ತಂತ್ರಾಂಶದಲ್ಲೂ ಭೇಟಿಯ ಟಿಪ್ಪಣಿಯನ್ನೇ “ದೂರವಾಣಿ” ಎಂಬ ತಲೆಬರಹದಡಿ ಬಳಸಬಹುದು. ಆದರೆ ಕೊಳ್ಳುವವರು ಪಟ್ಟುಹಿಡಿದು ಕೇಳಬೇಕಾದ ಅಂಶವೊಂದಿದೆ. ಒಮ್ಮೆ ಉಳಿಸಿದ ಟಿಪ್ಪಣಿಯನ್ನು ಅಳಿಸಲು ಬರಬಾರದು. ತಿದ್ದಿದರೆ ಹಳೆಯ ಬರಹ, ತಿದ್ದಿದವರ ಹೆಸರು, ವೇಳೆ ಮೂರೂ ಉಳಿಯಬೇಕು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ತಿದ್ದುಪಡಿ ದಾಖಲೆಯ ತತ್ವವೇ ಇದು. ಕೇಂದ್ರ ಆರೋಗ್ಯ ಸಚಿವಾಲಯವು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನಕಗಳೂ ಇದನ್ನೇ ಬಯಸುತ್ತವೆ. ಈ ಗುಣ ಫಲಿಸಬೇಕಾದರೆ ಪ್ರತಿಯೊಬ್ಬ ಸಿಬ್ಬಂದಿಗೂ ಸ್ವಂತ ಪಾಸ್‌ವರ್ಡ್ ಇರಬೇಕು. ಇಡೀ ಚಿಕಿತ್ಸಾಲಯಕ್ಕೆ ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನು ಪರದೆಯ ಮೂಲೆಗೆ ಅಂಟಿಸಿರುವ ಕಡೆ ಯಾರು ಬರೆದರೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಗಣಕ ದಾಖಲೆಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಪ್ರಮಾಣಪತ್ರವೂ ಬೇಕಾಗುತ್ತದೆ. ಅದಕ್ಕೆ ಸಹಿ ಹಾಕುವವರು ತಮ್ಮ ವ್ಯವಸ್ಥೆಯನ್ನು ನಂಬುವಂತಿರಬೇಕು.

ಕರೆಗಳನ್ನೆಲ್ಲ ಧ್ವನಿಮುದ್ರಿಸಿಕೊಂಡರೆ ಬರೆಯುವ ಶ್ರಮ ತಪ್ಪುತ್ತದೆಂಬ ವಾದವೂ ಉಂಟು. ಅವಸರದ ರಾತ್ರಿಯಲ್ಲಿ ಹನ್ನೆರಡು ನಿಮಿಷದ ಧ್ವನಿಯನ್ನು ಕುಳಿತು ಕೇಳುವ ವೈದ್ಯರು ಸಿಗಲಾರರು. ನಾಲ್ಕು ಸಾಲನ್ನು ಎಲ್ಲರೂ ಓದುತ್ತಾರೆ. ಮುದ್ರಿಸಿಕೊಳ್ಳುವುದಾದರೆ ಕರೆ ಮಾಡಿದವರಿಗೆ ಮೊದಲೇ ತಿಳಿಸುವುದು ಕ್ರಮ. ವಾಟ್ಸಾಪ್ ಸಂದೇಶಗಳದು ಬೇರೆಯೇ ಸಮಸ್ಯೆ. ಗಾಯದ ಚಿತ್ರ, ಸಕ್ಕರೆಯ ಅಂಶದ ವರದಿ ಎಲ್ಲವೂ ವೈದ್ಯರ ಸ್ವಂತ ಮೊಬೈಲಿನಲ್ಲಿ ಕುಟುಂಬದ ಚಿತ್ರಗಳ ನಡುವೆ ಇರುತ್ತವೆ. ಮೊಬೈಲ್ ಕಳೆದರೆ ದಾಖಲೆಯೂ ಹೋಯಿತು, ರೋಗಿಯ ಗೋಪ್ಯವೂ ಹೋಯಿತು. ಅವನ್ನು ಅಂದಂದೇ ರೋಗಿಯ ಪುಟಕ್ಕೆ ಸೇರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ತಂತ್ರಾಂಶ ತಯಾರಿಸುವವರಿಗೆ ಇಲ್ಲಿ ಅವಕಾಶವೂ ಇದೆ. ಸಣ್ಣ ಚಿಕಿತ್ಸಾಲಯ ಬಯಸುವುದು ನೂರು ಸೌಲಭ್ಯಗಳನ್ನಲ್ಲ. ಕರೆ ಬಂದ ಸಂಖ್ಯೆಯಿಂದ ಆ ಮನೆಯ ರೋಗಿಗಳ ಪಟ್ಟಿ ತೆರೆಯುವುದು, ಕನ್ನಡದಲ್ಲೇ ಟೈಪು ಮಾಡಲು ಬರುವುದು, ವೈದ್ಯರು ಇನ್ನೂ ನೋಡದ ಕರೆಗಳು ಬಾಗಿಲು ಹಾಕುವ ಮೊದಲು ಪರದೆಯ ಮೇಲೆ ಬರುವುದು, ಇಷ್ಟಿದ್ದರೆ ಬಹುಪಾಲು ಕೆಲಸ ಆದಂತೆ. ಕೊಳ್ಳುವವರು ಒಪ್ಪಂದದಲ್ಲಿ ಇನ್ನೊಂದು ಮಾತನ್ನು ಬರೆಸಿಕೊಳ್ಳುವುದು ಉಚಿತ: ಮುಂದೆ ತಂತ್ರಾಂಶ ಬದಲಿಸಿದಾಗ ಔಷಧಿ ಚೀಟಿ, ವರದಿಗಳೊಂದಿಗೆ ಈ ಕರೆಯ ಟಿಪ್ಪಣಿಗಳೂ ದಿನಾಂಕ, ವೇಳೆ ಮತ್ತು ಬರೆದವರ ಹೆಸರಿನ ಸಹಿತ ತಮ್ಮ ಕೈಗೆ ಬರಬೇಕು.